ಮೈಕಿನ ಮೊದಲ ಗುಂಡಿ

ಸಭೆಯಲ್ಲಿ ಮಾತನಾಡಲು ಎದ್ದವರು ಮೊದಲು ಮಾಡುವ ಕೆಲಸ ಮೈಕಿನ ತಲೆಯ ಮೇಲೆ ಎರಡು ಸಲ ತಟ್ಟುವುದು. ಎರಡನೆಯದು, "ಹಲೋ, ಹಲೋ" ಎನ್ನುವುದು. ಮೂರನೆಯದು, ಹಿಂದಿನ ಸಾಲಿನ ಕಡೆ ಕತ್ತು ಚಾಚಿ "ಕೇಳಿಸುತ್ತದೆಯೆ?" ಎಂದು ವಿಚಾರಿಸುವುದು. ಕೇಳಿಸದೆ ಇದ್ದವರಿಗೆ ಆ ಪ್ರಶ್ನೆಯೂ ಕೇಳಿಸಿರುವುದಿಲ್ಲ ಎಂಬುದು ಬೇರೆ ಮಾತು. ಧ್ವನಿವರ್ಧಕವು ನಮ್ಮ ಸಭೆ ಸಮಾರಂಭಗಳಿಗೆ ಬಂದು ತಲೆಮಾರುಗಳೇ ಕಳೆದರೂ ಈ ಸಂಪ್ರದಾಯ ಅಳಿದಿಲ್ಲ. ಆದರೆ ಮೈಕಿನಿಂದ ಹೊರಟ ತಂತಿ ಯಾವ ದಾರಿ ಹಿಡಿದು ಎಲ್ಲಿಗೆ ಹೋಗುತ್ತದೆಂಬುದು ಮಾತ್ರ ಕಳೆದ ಇಪ್ಪತ್ತು ವರ್ಷಗಳಲ್ಲಿ ಬಹಳ ಬದಲಾಗಿದೆ.

ಹಳೆಯ ಸಭಾಂಗಣವನ್ನು ದುರಸ್ತಿ ಮಾಡಿಸಹೊರಟ ಸಂಘಕ್ಕೆ ಇಂದು ಮೈಕ್‌ಸೆಟ್ಟಿನವರಿಂದ ಬರುವ ಸಲಹೆ ಸಾಮಾನ್ಯವಾಗಿ ಒಂದೇ: "ಎಲ್ಲವನ್ನೂ ನೆಟ್‌ವರ್ಕಿಗೆ ಹಾಕಿಬಿಡೋಣ ಸಾರ್." ಸಮಿತಿಯ ಸದಸ್ಯರು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ. ಖಜಾಂಚಿಗಳು ಅಂದಾಜುಪಟ್ಟಿಯ ಕೊನೆಯ ಸಾಲನ್ನು ಮಾತ್ರ ನೋಡುತ್ತಾರೆ. ಆ ಪಟ್ಟಿಯ ನಡುವೆ ಎಲ್ಲಿಯೋ ಒಂದು ಕಡೆ "ಮೈಕ್ ಪ್ರೀಆಂಪ್, ಎಂಟು ಚಾನೆಲ್" ಎಂದು ಬರೆದಿರುತ್ತದೆ. ಈ ಲೇಖನ ಆ ಒಂದು ಸಾಲನ್ನು ಕುರಿತದ್ದು. ಉಳಿದ ಸಾಲುಗಳಲ್ಲಿ ಏನಾದರೂ ಎಡವಟ್ಟಾದರೆ ಮುಂದೆ ತಿದ್ದಿಕೊಳ್ಳಬಹುದು. ಇಲ್ಲಿ ಕೆಟ್ಟ ಧ್ವನಿಯನ್ನು ಮುಂದೆ ಯಾರೂ ತಿದ್ದಲಾರರು.

ಮಾತು ಗಾಳಿಯಲ್ಲಿ ತೇಲಬಾರದೆಂದು ಒಂದು ತಾಳಮದ್ದಳೆಯನ್ನೇ ಮುಂದಿಟ್ಟುಕೊಳ್ಳೋಣ. ಪತ್ತನಾಜೆ ಕಳೆದು ಮೇಳಗಳ ತಿರುಗಾಟ ನಿಂತ ಮೇಲೆ, ಮಳೆಗಾಲದಲ್ಲಿ ಯಕ್ಷಗಾನ ಕಲಾವಿದರು ಮುಂಬಯಿಯ ಕಡೆ ಬರುವುದು ಹಳೆಯ ವಾಡಿಕೆ. ವೇಷವಿಲ್ಲ, ಕುಣಿತವಿಲ್ಲ, ಇರುವುದೆಲ್ಲ ಹಾಡು ಮತ್ತು ಮಾತು. ಪ್ರಸಂಗ ಕೃಷ್ಣಸಂಧಾನ ಎನ್ನಿ. ಭಾಗವತರಿಗೆ ಒಂದು ಮೈಕು, ಮದ್ದಳೆಗೆ ಒಂದು, ಚೆಂಡೆಗೆ ಒಂದು, ಅರ್ಥಧಾರಿಗಳಿಗೆ ಐದು, ಒಟ್ಟು ಎಂಟು. ವಿದುರನು ಮೆಲ್ಲಗೆ, ಒಳಗೊಳಗೆ ಮಾತನಾಡುತ್ತಾನೆ. ಕೌರವನು ಗರ್ಜಿಸುತ್ತಾನೆ. ಚೆಂಡೆಯ ಪೆಟ್ಟಂತೂ ಹೊರಗೆ ರಸ್ತೆಯಲ್ಲಿ ಹೋಗುವವನನ್ನೂ ತಿರುಗಿ ನೋಡುವಂತೆ ಮಾಡುತ್ತದೆ. ಇವೆಲ್ಲವೂ ಸಭಾಂಗಣದ ಲೌಡ್‌ಸ್ಪೀಕರಿಗೂ ಹೋಗಬೇಕು, ಕಂಪ್ಯೂಟರಿನಲ್ಲಿ ಮುದ್ರಣವೂ ಆಗಬೇಕು, ಮನೆಯಲ್ಲೇ ಕುಳಿತು ನೋಡುವ ವಯೋವೃದ್ಧರಿಗೆ ಅಂತರಜಾಲದ ಮೂಲಕ ನೇರವಾಗಿಯೂ ತಲುಪಬೇಕು. ಒಂದು ಮೂಲ, ಮೂರು ಕಡೆಯ ಕಿವಿಗಳು.

ಮೈಕು ಮಾಡುವ ವಿದ್ಯುತ್ತು ಎಷ್ಟು ಅಲ್ಪವೆಂಬುದನ್ನು ಮೊದಲು ತಿಳಿಯಬೇಕು. ೧೯೬೬ರಲ್ಲಿ ಬಂದು ಇಂದಿಗೂ ಲೋಕದ ವೇದಿಕೆಗಳ ಮೇಲೆ ಕಾಣಸಿಗುವ ಶೂರ್ ಕಂಪನಿಯ ಎಸ್‌ಎಂ ೫೮ ಎಂಬ ಮೈಕನ್ನೇ ತೆಗೆದುಕೊಳ್ಳಿ. ತೀರ ಹತ್ತಿರದಿಂದ ಗಟ್ಟಿಯಾಗಿ ಮಾತನಾಡಿದರೆ, ಅಂದರೆ ೯೪ ಡೆಸಿಬೆಲ್‌ನಷ್ಟು ಸದ್ದು ಅದರ ಮೇಲೆ ಬಿದ್ದರೆ, ಅದು ಕೊಡುವುದು ೧.೮೫ ಮಿಲಿವೋಲ್ಟ್. ಗೋಡೆ ಗಡಿಯಾರಕ್ಕೆ ಹಾಕುವ ಸಣ್ಣ ಸೆಲ್ಲಿನ ಒತ್ತಡದ ಎಂಟುನೂರರಲ್ಲಿ ಒಂದು ಪಾಲು! ಮುಂದಿನ ಯಂತ್ರಗಳು ಕೇಳುವುದಾದರೋ ಸುಮಾರು ೧.೨೩ ವೋಲ್ಟ್. ಆರುನೂರಕ್ಕೂ ಮಿಕ್ಕಿದ ಪಟ್ಟು ಹಿಗ್ಗಿಸಿದಲ್ಲದೆ ಆ ಬೇಡಿಕೆ ಪೂರೈಸುವಂತಿಲ್ಲ. ಹೀಗೆ ಹಿಗ್ಗಿಸುವ ಮೊದಲ ಯಂತ್ರವೇ ಪ್ರೀಆಂಪ್ಲಿಫೈಯರ್, ರೂಢಿಯ ಮಾತಿನಲ್ಲಿ ಪ್ರೀಆಂಪ್. ಎಷ್ಟು ಹಿಗ್ಗಿಸಬೇಕೆಂದು ಹೇಳುವ ಗುಂಡಿಗೆ ಗೇನ್ ಎಂದು ಹೆಸರು. ಅದರ ಲೆಕ್ಕ ಡೆಸಿಬೆಲ್‌ನಲ್ಲಿ: ೨೦ ಎಂದರೆ ಹತ್ತು ಪಟ್ಟು, ೪೦ ಎಂದರೆ ನೂರು ಪಟ್ಟು, ೬೦ ಎಂದರೆ ಸಾವಿರ ಪಟ್ಟು.

ಹಿಗ್ಗಿಸುವಾಗ ಪ್ರೀಆಂಪ್ ಆಯ್ದು ಹಿಗ್ಗಿಸುವುದಿಲ್ಲ. ಹಾಲಿನೊಡನೆ ಸೇರಿದ ನೀರೂ ಉಕ್ಕುತ್ತದೆ. ಹಳೆಯ ಏರ್ಪಾಡಿನಲ್ಲಿ ಈ ನೀರು ಸೇರಲು ಅವಕಾಶ ಧಾರಾಳವಾಗಿತ್ತು. ವೇದಿಕೆಯಿಂದ ಮಲ್ಟಿಕೋರ್ ಎಂಬ ಹೆಬ್ಬಾವಿನಂಥ ಕೇಬಲ್ಲು ಗೋಡೆಯಂಚಿನಲ್ಲಿ ಹರಿದು, ಮೂವತ್ತು ನಲವತ್ತು ಮೀಟರು ದೂರದಲ್ಲಿ ಸಭಾಂಗಣದ ಹಿಂಭಾಗದ ಮಿಕ್ಸರಿಗೆ ಸೇರುತ್ತಿತ್ತು. ಪ್ರೀಆಂಪ್ ಇದ್ದುದು ಆ ಮಿಕ್ಸರಿನೊಳಗೆ. ಮಿಲಿವೋಲ್ಟಿನ ಈ ಕೂಸು ಅಷ್ಟು ದೂರವನ್ನು ಬೆಂಬಲವಿಲ್ಲದೆ ನಡೆದುಹೋಗಬೇಕಾಗಿತ್ತು. ದಾರಿಯಲ್ಲಿ ರಂಗದ ದೀಪಗಳ ಡಿಮ್ಮರು, ಹವಾನಿಯಂತ್ರಣದ ವಯರು, ಎಲ್ಲವೂ ಅದರ ಕಿವಿಯಲ್ಲಿ ಗುಂಯ್‌ಗುಡುತ್ತಿದ್ದುವು. ಒಳ್ಳೆಯ ಕೇಬಲ್ಲಿನಲ್ಲಿ ಎರಡು ಎಳೆಗಳನ್ನು ಹೆಣೆದು ಇದನ್ನು ಬಹುಮಟ್ಟಿಗೆ ತಡೆಯುತ್ತಾರೆಂಬುದು ನಿಜ. ಆದರೆ ಕೇಬಲ್ಲಿಗೂ ವಯಸ್ಸಾಗುತ್ತದೆ, ಬೆಸುಗೆಯೂ ಬಿಡುತ್ತದೆ.

ಹೊಸ ಏರ್ಪಾಡಿನ ಮುಖ್ಯ ಗುಣ ಇಲ್ಲಿದೆ: ಪ್ರೀಆಂಪ್ ವೇದಿಕೆಯ ಮಗ್ಗುಲಿಗೇ ಬಂದಿದೆ. ಮೈಕಿನ ತಂತಿ ನಾಲ್ಕೈದು ಮೀಟರು ನಡೆದರೆ ಸಾಕು, ಪೆಟ್ಟಿಗೆ ಸಿಗುತ್ತದೆ. ಆ ಪೆಟ್ಟಿಗೆ ಧ್ವನಿಯನ್ನು ಹಿಗ್ಗಿಸಿ, ಅಲ್ಲಿಯೇ ಅಂಕಿಗಳನ್ನಾಗಿ ಮಾಡಿ, ಕಂಪ್ಯೂಟರುಗಳನ್ನು ಜೋಡಿಸುವ ಸಾಮಾನ್ಯ ನೆಟ್‌ವರ್ಕ್ ಕೇಬಲ್ಲಿಗೆ ಒಪ್ಪಿಸುತ್ತದೆ. ಅಂಕಿಯಾದ ಮೇಲೆ ಡಿಮ್ಮರು ಎಷ್ಟು ಗುಂಯ್‌ಗುಟ್ಟಿದರೂ ಧ್ವನಿಯೊಳಗೆ ಸೇರಲಾರದು. ಒಂದು ಕೇಬಲ್ಲು ಹೆಚ್ಚೆಂದರೆ ೧೦೦ ಮೀಟರು ಹೋಗಬಹುದು. ನಮ್ಮ ಯಾವ ಸಭಾಂಗಣಕ್ಕೂ ಇದು ಕಡಿಮೆಯಾಗದು.

ಧ್ವನಿಯನ್ನು ಅಂಕಿಯಾಗಿಸುವ ಯೋಚನೆ ಹೊಸದಲ್ಲ. ೧೯೩೭ರಲ್ಲಿ ಪ್ಯಾರಿಸಿನಲ್ಲಿ ಕೆಲಸ ಮಾಡುತ್ತಿದ್ದ ಅಲೆಕ್ ರೀವ್ಸ್ ಎಂಬ ಇಂಗ್ಲಿಷ್ ಇಂಜಿನಿಯರು ಇದನ್ನು ಕಂಡುಕೊಂಡರು. ಆಗಿನ ಕವಾಟಗಳ ಕಾಲದಲ್ಲಿ ಅದನ್ನು ಮಾಡಿ ತೋರಿಸುವುದು ಮಾತ್ರ ಕೈಗೆಟುಕದ ಖರ್ಚಿನ ಬಾಬತ್ತು. ಈಗ ಅಂಗೈಯಗಲದ ಹಲಗೆಯ ಮೇಲೆ ಅದು ನಡೆಯುತ್ತದೆ. ಪ್ರತಿ ಸೆಕೆಂಡಿಗೆ ೪೮,೦೦೦ ಸಲ ಧ್ವನಿಯ ಎತ್ತರವನ್ನು ಅಳೆಯಲಾಗುತ್ತದೆ. ಅಳೆಯುವ ಕೋಲಿನಲ್ಲಿ ಇರುವ ಗೆರೆಗಳು ೧,೬೭,೭೭,೨೧೬. ಇದನ್ನೇ ೨೪ ಬಿಟ್ ಎನ್ನುವುದು. ಒಂದು ಮೈಕಿಗೆ ಸೆಕೆಂಡಿಗೆ ೧೧,೫೨,೦೦೦ ಬಿಟ್ಟುಗಳಾದುವು. ಈ ಅಂಕಿಗಳನ್ನು ಸಣ್ಣ ಸಣ್ಣ ಪೊಟ್ಟಣ ಕಟ್ಟಿ, ಮೇಲೆ ವಿಳಾಸ ಬರೆದು, ಅಂಚೆಗೆ ಹಾಕಿದಂತೆ ಕಳುಹಿಸುವುದು ನೆಟ್‌ವರ್ಕಿನ ಕೆಲಸ.

ಈ ಅಂಚೆಯ ಮೂಲ ಪದ್ಧತಿಯಾದ ಈಥರ್ನೆಟ್ ಹುಟ್ಟಿದ್ದು ೧೯೭೩ರಲ್ಲಿ, ಕಚೇರಿಯ ಕಾಗದಪತ್ರಗಳಿಗಾಗಿ. ಕಾಗದ ಅರ್ಧ ಸೆಕೆಂಡು ತಡವಾಗಿ ಬಂದರೆ ಯಾರೂ ಕೇಳುವುದಿಲ್ಲ; ಮದ್ದಳೆಯ ಪೆಟ್ಟು ತಡವಾದರೆ ಭಾಗವತರು ಎದ್ದುಹೋದಾರು! ಆದ್ದರಿಂದ ಧ್ವನಿಗೆ ಒಪ್ಪುವ ಹಾಗೆ ಅದನ್ನು ಪಳಗಿಸಬೇಕಾಯಿತು. ೧೯೯೬ರಲ್ಲಿ ಕೋಬ್ರಾನೆಟ್ ಎಂಬುದು ಬಂತು. ೨೦೦೬ರಲ್ಲಿ ಆಸ್ಟ್ರೇಲಿಯದ ಸಿಡ್ನಿಯಲ್ಲಿ ಆರಂಭವಾದ ಆಡಿನೇಟ್ ಸಂಸ್ಥೆಯು ಡಾಂಟೆ ಎಂಬ ಪದ್ಧತಿಯನ್ನು ತಂದಿತು. ಈ ಡಾಂಟೆ ಇಟಲಿಯ ಮಹಾಕವಿಯಲ್ಲ, ಉದ್ದವಾದ ಒಂದು ಇಂಗ್ಲಿಷ್ ಹೆಸರಿನ ಮೊದಲಕ್ಷರಗಳು. ೨೦೧೦ರಲ್ಲಿ ಮ್ಯೂನಿಕ್ಕಿನ ಒಂದು ಕಂಪನಿ ಇನ್ನೊಂದು ಪದ್ಧತಿಯನ್ನು ಹೊರತಂದು ಅದಕ್ಕೆ ರವೆನ್ನಾ ಎಂದು ಹೆಸರಿಟ್ಟಿತು. ಮಹಾಕವಿಯು ೧೩೨೧ರಲ್ಲಿ ಕಣ್ಣು ಮುಚ್ಚಿದ್ದು ರವೆನ್ನಾ ನಗರದಲ್ಲೆಂದು ಬಲ್ಲವರು ಇಲ್ಲಿ ಒಂದು ನಗೆ ನಗಬಹುದು. ಬೇರೆ ಬೇರೆ ಪದ್ಧತಿಯ ಯಂತ್ರಗಳು ಒಂದರೊಡನೊಂದು ಮಾತನಾಡಲೆಂದು ೨೦೧೩ರಲ್ಲಿ ಎಇಎಸ್ ೬೭ ಎಂಬ ಸಾಮಾನ್ಯ ನಿಯಮವೂ ಆಯಿತು. ಆದರೂ ಸಣ್ಣ ಸಭಾಂಗಣಕ್ಕೆ ನನ್ನ ಸಲಹೆ ಇಷ್ಟೆ: ಒಂದೇ ಪದ್ಧತಿಯನ್ನು ಹಿಡಿಯಿರಿ. ದುಭಾಷಿಯನ್ನು ನಡುವೆ ಕೂರಿಸಿಕೊಂಡು ಸಂಸಾರ ಮಾಡುವ ಅಗತ್ಯ ನಮಗೇನಿದೆ? ಮುಂದೆ ಹೇಳುವ ವಿವರಗಳು ಹೆಚ್ಚು ಬಳಕೆಯಲ್ಲಿರುವ ಡಾಂಟೆಯನ್ನು ಹಿಡಿದು ಹೇಳಿದುವು.

ಪೆಟ್ಟಿಗೆ ಬಂತು ಎನ್ನಿ. ಮೊದಲು ಎದುರಾಗುವುದು ವಿದ್ಯುತ್ತಿನ ಪ್ರಶ್ನೆ. ಇಲ್ಲಿ ಎರಡು "೪೮ ವೋಲ್ಟ್"ಗಳು ಉಂಟು, ಬಹಳ ಮಂದಿ ಅವುಗಳನ್ನು ಕಲಸಿಬಿಡುತ್ತಾರೆ. ಕೆಲವು ಸಣ್ಣ ಪ್ರೀಆಂಪ್‌ಗಳಿಗೆ ಬೇರೆ ಪ್ಲಗ್ಗು ಬೇಡ. ನೆಟ್‌ವರ್ಕ್ ಕೇಬಲ್ಲಿನಲ್ಲಿಯೇ ಸುಮಾರು ೪೮ ವೋಲ್ಟಿನ ವಿದ್ಯುತ್ತು ಬರುತ್ತದೆ. ಇದು ಪೆಟ್ಟಿಗೆಯ ಊಟ. ಇನ್ನೊಂದು ೪೮ ವೋಲ್ಟು ಪೆಟ್ಟಿಗೆಯಿಂದ ಮೈಕಿನ ಕಡೆ ಹಿಮ್ಮುಖವಾಗಿ ಹೋಗತಕ್ಕದ್ದು. ಕಂಡೆನ್ಸರ್ ಎಂಬ ಜಾತಿಯ ಸೂಕ್ಷ್ಮ ಮೈಕುಗಳಿಗೆ ಅದು ಬೇಕು. ಧ್ವನಿ ಬರುವ ತಂತಿಯಲ್ಲಿಯೇ ಕಾಣದಂತೆ ಎದುರು ಹೋಗುವುದರಿಂದ ಅದಕ್ಕೆ ಫ್ಯಾಂಟಮ್, ಅಂದರೆ ಪಿಶಾಚಿ ವಿದ್ಯುತ್ತು, ಎಂದು ಹೆಸರು.

ನಲವತ್ತೆಂಟೇ ಏಕೆ? ಇದರ ಹಿಂದೆ ಒಂದು ಸ್ವಾರಸ್ಯವಿದೆ. ೧೯೬೬ರಲ್ಲಿ ಜರ್ಮನಿಯ ನಾಯ್ಮನ್ ಕಂಪನಿಯವರು ಹೊಸ ಟ್ರಾನ್ಸಿಸ್ಟರ್ ಮೈಕನ್ನು ನಾರ್ವೆಯ ಬಾನುಲಿ ಸಂಸ್ಥೆಗೆ ತೋರಿಸಿದರು. ಅಲ್ಲಿನ ಸ್ಟುಡಿಯೋಗಳಲ್ಲಿ ಆಪತ್ಕಾಲದ ದೀಪಗಳಿಗೆಂದು ೪೮ ವೋಲ್ಟಿನ ಏರ್ಪಾಡು ಮೊದಲೇ ಇತ್ತು. ಇರುವುದನ್ನೇ ಬಳಸೋಣವೆಂದರು. ನಾರ್ವೆಯ ಆ ದೀಪಗಳ ಲೆಕ್ಕ ಇಂದು ಮಾಟುಂಗದಲ್ಲಿಯೂ ನಡೆಯುತ್ತಿದೆ, ಮಲ್ಲೇಶ್ವರದಲ್ಲಿಯೂ ನಡೆಯುತ್ತಿದೆ.

ಸರಿಯಾಗಿ ಬೆಸೆದ ತಂತಿಯಾದರೆ ಈ ಪಿಶಾಚಿಯು ಸಾಧಾರಣ ಡೈನಮಿಕ್ ಮೈಕನ್ನು ಮುಟ್ಟುವುದಿಲ್ಲ. ಹಳೆಯ ಕಾಲದ ರಿಬ್ಬನ್ ಮೈಕು ಯಾರಲ್ಲಾದರೂ ಇದ್ದರೆ ಜೋಕೆ. ತಂತಿಯಲ್ಲಿ ದೋಷವಿದ್ದರೆ ಅದರೊಳಗಿನ ತೆಳ್ಳನೆಯ ಪಟ್ಟಿ ಹಾಳಾಗಬಹುದು. ಬೇಕಾದ ಚಾನೆಲ್ಲಿಗೆ ಮಾತ್ರ ಹಾಕುವುದು ಮೇಲು. ಹಾಕುವಾಗಲೂ ತೆಗೆಯುವಾಗಲೂ ಮೈಕನ್ನು ಕೀಳುವಾಗಲೂ ಸಭಾಂಗಣದ ಧ್ವನಿ ಮುಚ್ಚಿರಬೇಕು. ಇಲ್ಲವಾದರೆ ಗುಂಡು ಹಾರಿದಂತೆ ಒಂದು "ಢಬ್" ಕೇಳಿ, ಮುಂದಿನ ಸಾಲಿನ ಅಜ್ಜಿಯರ ಎದೆ ಹಾರುತ್ತದೆ. ಲೌಡ್‌ಸ್ಪೀಕರಿನ ಎದೆಯೂ ಹಾರುತ್ತದೆ.

ಇನ್ನು ಗೇನ್. ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ.

ಅಂಕಿಯ ಲೋಕದಲ್ಲಿ ಅಳತೆ ಮೇಲಿನಿಂದ ಕೆಳಕ್ಕೆ. ಸೊನ್ನೆಯೇ ಶಿಖರ; ಎಲ್ಲ ಧ್ವನಿಯೂ ಸೊನ್ನೆಗಿಂತ ಇಷ್ಟು ಕೆಳಗೆ ಎಂದು ಎಣಿಸಬೇಕು. ಮೀಟರಿನಲ್ಲಿ ಮೈನಸ್ ೧೨, ಮೈನಸ್ ೨೦ ಎಂದು ಕಾಣುವುದು ಇದನ್ನೇ. ಸೊನ್ನೆಯನ್ನು ಮುಟ್ಟಿದ ಮೇಲೆ ಕೋಲಿನಲ್ಲಿ ಗೆರೆಯೇ ಇಲ್ಲ. ಧ್ವನಿಯ ಅಲೆಯ ತುದಿ, ಗೋಪುರದ ಕಳಶವನ್ನು ಗರಗಸದಿಂದ ಕೊಯ್ದಂತೆ, ಸಪಾಟಾಗಿ ಕತ್ತರಿಸಿಹೋಗುತ್ತದೆ. ಹಿಂದಿನ ಟೇಪಿನ ಮೇಲೆ ಧ್ವನಿ ತುಸು ಮಿತಿಮೀರಿದರೆ ಅದು ಬಾಗುತ್ತಿತ್ತು, ಮಂದವಾಗುತ್ತಿತ್ತು. ಕಿವಿಗೆ ಅಷ್ಟು ಕಟುವಾಗುತ್ತಿರಲಿಲ್ಲ. ಇಲ್ಲಿ ಆ ದಾಕ್ಷಿಣ್ಯವಿಲ್ಲ. ಹರಿದ ತಗಡಿನ ಸದ್ದು ಬರುತ್ತದೆ. ಕಳಶದ ಆಕಾರವೇನಿತ್ತೆಂಬುದು ಯಾವ ಅಂಕಿಯಲ್ಲಿಯೂ ಉಳಿದಿರುವುದಿಲ್ಲವಾದ್ದರಿಂದ ಅದನ್ನು ಮತ್ತೆ ಕೂಡಿಸುವಂತಿಲ್ಲ. ಕಂಪ್ಯೂಟರಿನಲ್ಲಿ ಊಹಿಸಿ ತುಂಬುವ ಉಪಾಯಗಳಿವೆ, ಊಹೆ ಊಹೆಯೇ.

ಆದುದರಿಂದ ಮೇಲೆ ಜಾಗ ಬಿಡಬೇಕು. ಅತಿ ಗಟ್ಟಿಯಾದ ಘಳಿಗೆಯಲ್ಲಿ ಮೀಟರು ಮೈನಸ್ ೧೨ರ ಆಚೀಚೆ ನಿಲ್ಲುವಂತೆ ಗೇನ್ ಇಟ್ಟರೆ ಲೇಸು. ಸರಾಸರಿ ಮಾತು ಮೈನಸ್ ೨೦, ೨೪ರಲ್ಲಿ ಇದ್ದೀತು. "ಇಷ್ಟು ಕೆಳಗಿಟ್ಟರೆ ಮೆಲುದನಿ ಹುಗಿದುಹೋಗುವುದಿಲ್ಲವೆ?" ಎಂದು ಹಳಬರು ಕೇಳುತ್ತಾರೆ. ಟೇಪಿನ ದಿನಗಳಲ್ಲಿ ಆ ಭಯ ನ್ಯಾಯವಾದದ್ದೇ. ಟೇಪಿನ "ಸುಯ್" ಎನ್ನುವ ಸದ್ದು ಕೆಳಗೆ ಕಾದು ಕುಳಿತಿರುತ್ತಿತ್ತು. ಈಗಿನ ಒಳ್ಳೆಯ ಪೆಟ್ಟಿಗೆಗಳಲ್ಲಿ ಶಿಖರದಿಂದ ತಳದವರೆಗೆ ೧೧೦ ಡೆಸಿಬೆಲ್‌ಗೂ ಹೆಚ್ಚು ಆಳವಿದೆ. ಇಪ್ಪತ್ತನ್ನು ಬಿಟ್ಟುಕೊಟ್ಟರೂ ತೊಂಬತ್ತು ಉಳಿಯಿತು. ನಮ್ಮ ಸಭಾಂಗಣದ ಫ್ಯಾನುಗಳ ಸದ್ದೇ ಅರ್ಥಧಾರಿಯ ಮಾತಿಗಿಂತ ನಲವತ್ತು ಡೆಸಿಬೆಲ್ ಕೆಳಗೆ ಸಿಗುತ್ತದೆ. ಕೊನೆಯ ಸಾಲಿನಲ್ಲಿ ಕಡಲೆಕಾಯಿ ಬಿಡಿಸುವವರ ಲೆಕ್ಕ ಇದರಲ್ಲಿ ಸೇರಿಲ್ಲ. ಹೀಗಿರುವಾಗ ಪೆಟ್ಟಿಗೆಯ ತಳದ ಸದ್ದಿಗೆ ಹೆದರಿ ಗೇನ್ ಏರಿಸುವುದು ಅನಾವಶ್ಯಕ.

ಗೇನ್ ಇಡುವಾಗ "ಮೈಕ್ ಟೆಸ್ಟಿಂಗ್, ಒನ್ ಟೂ ತ್ರೀ" ಯಾವ ಪ್ರಯೋಜನಕ್ಕೂ ಬಾರದು. ತಲೆಯ ಮೇಲೆ ತಟ್ಟುವುದಂತೂ ಬೇಡವೇ ಬೇಡ. ಅದರಿಂದ ತಿಳಿಯುವುದು ತಟ್ಟಿದ ಸದ್ದು ಎಷ್ಟೆಂಬುದು ಮಾತ್ರ. ಕೌರವನ ಅರ್ಥ ಹೇಳುವವರನ್ನು ವಿನಯದಿಂದ ಕೇಳಿಕೊಳ್ಳಬೇಕು: "ಸ್ವಾಮಿ, ರಾಯಭಾರಿಯನ್ನು ಕಟ್ಟಿಹಾಕಿ ಎಂದು ಅಬ್ಬರಿಸುವಿರಲ್ಲ, ಆ ಜಾಗದ ನಾಲ್ಕು ಮಾತು ಆಗಲಿ." ಭಾಗವತರಿಗೆ, "ಏರುಪದ್ಯದ ಒಂದು ಸಾಲು ಆಗಲಿ." ಚೆಂಡೆಯವರಿಗೆ ಹೇಳುವುದೇ ಬೇಡ, ಕಡ್ಡಿ ಕೈಗೆ ಬಂದರೆ ಅವರೇ ಬಾರಿಸುತ್ತಾರೆ. ಇಷ್ಟಾದರೂ ಪರೀಕ್ಷೆಯಲ್ಲಿ ಎಲ್ಲರೂ ಸಂಕೋಚದಿಂದ ಧ್ವನಿ ಹಿಡಿದೇ ಮಾತನಾಡುತ್ತಾರೆ. ಸಭೆ ತುಂಬಿ, ಎದುರಾಳಿಯು ಕೆಣಕಿದ ಮೇಲೆ ಕಂಠ ಇಮ್ಮಡಿಯಾಗುತ್ತದೆ. ಇಮ್ಮಡಿ ಎಂದರೆ ೬ ಡೆಸಿಬೆಲ್. ಮೈನಸ್ ೧೨ರಲ್ಲಿ ಇಟ್ಟದ್ದು ಆಗ ಮೈನಸ್ ೬ ಆದೀತು. ಆಗಲಿ, ಅದಕ್ಕೆಂದೇ ಜಾಗ ಬಿಟ್ಟದ್ದು. ಚೆಂಡೆಗೆ ಗೇನ್ ಪೂರಾ ಇಳಿಸಿದರೂ ಹೆಚ್ಚಾದರೆ ಕೆಲವು ಪೆಟ್ಟಿಗೆಗಳಲ್ಲಿ ಪ್ಯಾಡ್ ಎಂಬ ಒತ್ತುಗುಂಡಿ ಇರುತ್ತದೆ, ಸಾಮಾನ್ಯವಾಗಿ ಹತ್ತನೆಯ ಒಂದು ಪಾಲಿಗೆ ಇಳಿಸುವಂಥದು. ಅರ್ಥಧಾರಿಗಳ ಮೈಕುಗಳಿಗೆ ೮೦ ಹರ್ಟ್ಸ್‌ಗಿಂತ ಕೆಳಗಿನ ಸದ್ದನ್ನು ತಡೆಯುವ ಸೋಸುಗವನ್ನು ಹಾಕಿದರೆ ಮೇಜು ಗುದ್ದಿ ಮಾತನಾಡುವವರ ಗುದ್ದು ಅರ್ಧ ಕಡಿಮೆಯಾಗುತ್ತದೆ.

ಇಲ್ಲಿಯವರೆಗೆ ಹೇಳಿದ್ದು ಹಳೆಯ ಮಿಕ್ಸರಿಗೂ ಬಹುಪಾಲು ಸಲ್ಲುತ್ತದೆ. ನೆಟ್‌ವರ್ಕಿಗೆ ಬಂದಾಗ ಹುಟ್ಟುವ ಹೊಸ ತೊಡಕು ಬೇರೆ. ಅದು ಯಂತ್ರದ ತೊಡಕಲ್ಲ, ಮನುಷ್ಯರದು. ಹಿಂದೆ ಸಭಾಂಗಣದವರ ಪ್ರೀಆಂಪ್ ಸಭಾಂಗಣದವರ ಮಿಕ್ಸರಿನಲ್ಲಿ, ಮುದ್ರಣದವರದು ಅವರ ಯಂತ್ರದಲ್ಲಿ. ಮೈಕಿನ ತಂತಿಯನ್ನೇ ಎರಡಾಗಿ ಸೀಳಿ ಕೊಡುತ್ತಿದ್ದರು. ಒಬ್ಬರ ಗುಂಡಿಗೂ ಇನ್ನೊಬ್ಬರಿಗೂ ಸಂಬಂಧವಿರಲಿಲ್ಲ. ಈಗ ಪ್ರೀಆಂಪ್ ಒಂದೇ. ಸಭಾಂಗಣ, ಮುದ್ರಣ, ನೇರ ಪ್ರಸಾರ, ಮೂರೂ ಅದೇ ಅಂಕಿಗಳನ್ನು ತೆಗೆದುಕೊಳ್ಳುತ್ತವೆ. ವಠಾರದ ನಲ್ಲಿ ಒಂದು, ಕೊಡಗಳು ಮೂರು. ಒಬ್ಬರು ನಲ್ಲಿಯನ್ನು ತಿರುವಿದರೆ ಮೂರು ಕೊಡಗಳಿಗೂ ಅದರ ಪರಿಣಾಮ. ಮೇಲಾಗಿ ಆ ಗುಂಡಿಯನ್ನು ಪೆಟ್ಟಿಗೆಯ ಬಳಿ ಹೋಗಿ ತಿರುಗಿಸಬೇಕೆಂದೂ ಇಲ್ಲ. ದೂರದಿಂದ ಮಿಕ್ಸರಿನಿಂದಲೋ ಲ್ಯಾಪ್‌ಟಾಪಿನಿಂದಲೋ ಯಾರೂ ತಿರುಗಿಸಬಹುದು.

ಒಂದು ನಗರದಲ್ಲಿ ಕೆಲವು ವರ್ಷಗಳ ಹಿಂದೆ ನಡೆದುದನ್ನು ಹೇಳುತ್ತೇನೆ. ಊರೂ ಬೇಡ, ಹೆಸರೂ ಬೇಡ. ಅಂದು ಕೌರವನ ಅರ್ಥ ಹಿರಿಯರೊಬ್ಬರದು. ಎಂಬತ್ತರ ಹತ್ತಿರದ ವಯಸ್ಸು, ಆರಂಭದಲ್ಲಿ ಧ್ವನಿ ಕುಗ್ಗಿತ್ತು. ಹಿಂದಿನ ಸಾಲಿನಿಂದ "ಕೇಳಿಸುವುದಿಲ್ಲ" ಎಂಬ ಕೂಗು ಬಂತು. ಮಿಕ್ಸರಿನ ಬಳಿ ಕುಳಿತಿದ್ದ ಹುಡುಗ ಸಭಾಂಗಣಕ್ಕೆ ಹೋಗುವ ಧ್ವನಿಯನ್ನು ಏರಿಸುವ ಬದಲು ಪ್ರೀಆಂಪಿನ ಗೇನನ್ನೇ ಹದಿನೈದು ಡೆಸಿಬೆಲ್ ಏರಿಸಿದ. ಹಿಂದಿನ ಸಾಲು ಸುಮ್ಮನಾಯಿತು. ಅರ್ಧ ಗಂಟೆಯ ಬಳಿಕ ಹಿರಿಯರಿಗೆ ಆವೇಶ ಬಂತು, ಕಂಠ ಬಿಚ್ಚಿತು. ಸಭೆಯಲ್ಲಿದ್ದವರು ಮೈಮರೆತು ಚಪ್ಪಾಳೆ ತಟ್ಟಿದರು. ಆ ಸದ್ದುಗದ್ದಲದಲ್ಲಿ ಯಾರಿಗೂ ಏನೂ ಗೊತ್ತಾಗಲಿಲ್ಲ. ಪಕ್ಕದ ಕೋಣೆಯಲ್ಲಿ ಮುದ್ರಣವಾಗುತ್ತಿದ್ದುದು ಮಾತ್ರ ಇಪ್ಪತ್ತು ನಿಮಿಷ ಉದ್ದಕ್ಕೂ ಹರಿದ ತಗಡು. ಎರಡು ವರ್ಷದ ಮೇಲೆ ಅವರು ತೀರಿಕೊಂಡರು. ಮಗಳು ಆ ಸಂಜೆಯ ಮುದ್ರಣ ಕೇಳಿ ಕಾಗದ ಬರೆದರು. ಇದ್ದುದನ್ನೇ ಕಳುಹಿಸಿಕೊಟ್ಟರು, ಬೇರೆ ಇರಲಿಲ್ಲ.

ಹುಡುಗನನ್ನು ದೂರಿ ಫಲವಿಲ್ಲ. ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಮೊದಲ ಗುಂಡಿ ಎಲ್ಲರದು, ಆದುದರಿಂದ ಕಾರ್ಯಕ್ರಮ ಆರಂಭವಾದ ಮೇಲೆ ಅದು ಯಾರದೂ ಅಲ್ಲ ಎಂಬ ಕಟ್ಟುಪಾಡು ಸಂಘದಲ್ಲಿ ಇರಬೇಕು. ಪರೀಕ್ಷೆಯ ಹೊತ್ತಿನಲ್ಲಿ ಒಬ್ಬರು ಗೇನ್ ಇಡತಕ್ಕದ್ದು. ಆ ಮೇಲೆ ಸಭಾಂಗಣಕ್ಕೆ ಹೆಚ್ಚು ಬೇಕಾದವರು ತಮ್ಮ ಮಿಕ್ಸರಿನೊಳಗೆ ಅಂಕಿಯಲ್ಲಿ ಹೆಚ್ಚಿಸಿಕೊಳ್ಳಲಿ. ಇದಕ್ಕೆ ಟ್ರಿಮ್ ಎನ್ನುತ್ತಾರೆ, ಇದರಿಂದ ಬೇರೆಯವರ ಪಾಲಿಗೆ ಏನೂ ಆಗದು. ಹಲವು ಯಂತ್ರಗಳಲ್ಲಿ ಗೇನ್ ಪರಿಹಾರ ಎಂಬ ಸೌಕರ್ಯವೂ ಉಂಟು: ಒಬ್ಬರು ಪ್ರೀಆಂಪನ್ನು ೬ ಏರಿಸಿದರೆ, ಉಳಿದವರ ಕಡೆ ತಾನಾಗಿ ೬ ಇಳಿಯುತ್ತದೆ. ಇದು ಒಳ್ಳೆಯದೇ, ಆದರೆ ಇದನ್ನು ನಂಬಿ ಮೈಮರೆಯಬಾರದು. ಪ್ರೀಆಂಪಿನಲ್ಲಿಯೇ ಕಳಶ ಕತ್ತರಿಸಿಹೋಗಿದ್ದರೆ, ಕತ್ತರಿಸಿದ್ದನ್ನೇ ೬ ಇಳಿಸಿ ಕೊಟ್ಟಂತಾಯಿತು. ಗುಂಡಿಗೆ ಬೀಗ ಹಾಕುವ ಏರ್ಪಾಡು ಇರುವ ಪೆಟ್ಟಿಗೆಯನ್ನೇ ಕೊಳ್ಳಿರೆಂದು ನಾನು ಹೇಳುತ್ತೇನೆ. ಬೆಲೆ ತುಸು ಹೆಚ್ಚಾದರೂ ಸರಿ.

ಇನ್ನೊಂದು ಮುಖ್ಯ ಸಂಗತಿ ಗಡಿಯಾರ. ಪ್ರೀಆಂಪಿನಲ್ಲಿ ಒಂದು ಸ್ಫಟಿಕದ ಗಡಿಯಾರ, ಮಿಕ್ಸರಿನಲ್ಲಿ ಒಂದು, ಲೌಡ್‌ಸ್ಪೀಕರ್ ಯಂತ್ರದಲ್ಲಿ ಒಂದು. ಎಲ್ಲವೂ ಸೆಕೆಂಡಿಗೆ ೪೮,೦೦೦ ಸಲ ಬಡಿಯಬೇಕು. ಎರಡು ಸ್ಫಟಿಕಗಳ ನಡುವೆ ಹತ್ತು ಲಕ್ಷಕ್ಕೆ ಐವತ್ತರಷ್ಟು ವ್ಯತ್ಯಾಸವಿದ್ದರೂ, ಒಂದು ಗಂಟೆಯಲ್ಲಿ ೮,೬೪೦ ಅಂಕಿಗಳು ಹೆಚ್ಚೋ ಕಡಿಮೆಯೋ ಆಗುತ್ತವೆ. ಹೆಚ್ಚಾದುದನ್ನು ಎಸೆದಾಗ, ಕಡಿಮೆಯಾದುದನ್ನು ತುಂಬಿದಾಗ, ನಡುನಡುವೆ "ಟಿಕ್, ಟಿಕ್" ಎಂದು ಕೇಳುತ್ತದೆ. ಮದ್ದಳೆಯವರು ತಮ್ಮ ಲೆಕ್ಕ, ಚೆಂಡೆಯವರು ತಮ್ಮ ಲೆಕ್ಕ ಹಿಡಿದು ಹೊರಟರೆ ಪದ್ಯ ಎಲ್ಲಿಗೆ ಮುಟ್ಟೀತು? ಭಾಗವತರ ತಾಳವೊಂದನ್ನೇ ಎಲ್ಲರೂ ಅನುಸರಿಸಬೇಕು. ಹಾಗೆಯೇ ಇಲ್ಲಿ ಒಂದು ಯಂತ್ರದ ಗಡಿಯಾರ ಮುಂದಾಳು, ಉಳಿದುವೆಲ್ಲ ಅನುಚರರು. ಆಗಾಗ ಒಂದಕ್ಕೊಂದು ಚೀಟಿ ಕಳುಹಿಸಿ, ಚೀಟಿ ದಾರಿಯಲ್ಲಿ ಕಳೆದ ಹೊತ್ತನ್ನೂ ಕಳೆದು, ತಮ್ಮ ತಾಳವನ್ನು ಸರಿಪಡಿಸಿಕೊಳ್ಳುತ್ತವೆ. ಮುಂದಾಳನ್ನು ಯಂತ್ರಗಳೇ ಆರಿಸಿಕೊಳ್ಳುತ್ತವೆ, ನಮ್ಮ ಸಂಘದ ಚುನಾವಣೆಗಿಂತ ಬೇಗ. ಆದರೂ ಗೋಡೆಗೆ ಬಿಗಿದು ಯಾವಾಗಲೂ ಚಾಲೂ ಇರುವ ಪ್ರೀಆಂಪನ್ನೇ "ಇದಕ್ಕೆ ಆದ್ಯತೆ" ಎಂದು ಗುರುತು ಮಾಡಿಡುವುದು ಜಾಣತನ. ನಡುವೆ ಯಾರೋ ಬಂದು ಮುಂದಾಳಾದ ಯಂತ್ರವನ್ನೇ ಕಿತ್ತುಕ್ಕೊಂಡು ಹೋದರೆ, ಹೊಸ ಚುನಾವಣೆಯಾಗುವಾಗ ಧ್ವನಿ ಒಂದು ಕ್ಷಣ ತಡವರಿಸುವ ಸಂಭವವುಂಟು. ಎಲ್ಲ ಯಂತ್ರಗಳನ್ನೂ ೪೮,೦೦೦ಕ್ಕೇ ಇಡಬೇಕೆಂಬುದನ್ನೂ ಮರೆಯಬಾರದು. ಒಂದನ್ನು ಸಂಗೀತದ ಸಿ.ಡಿ.ಯ ಲೆಕ್ಕದಂತೆ ೪೪,೧೦೦ಕ್ಕೆ ಇಟ್ಟರೆ ಅದು ಉಳಿದುವುಗಳೊಡನೆ ಮಾತೇ ಆಡುವುದಿಲ್ಲ.

ಯಾವ ಮೈಕು ಎಲ್ಲಿಗೆ ಹೋಗಬೇಕೆಂದು ಗುರುತಿಸುವುದು ಲ್ಯಾಪ್‌ಟಾಪಿನ ಪರದೆಯ ಮೇಲೆ, ಚದುರಂಗದ ಮನೆಗಳಂತೆ ಕಾಣುವ ಪಟ್ಟಿಯಲ್ಲಿ. ಜೋಡಣೆಯೆಲ್ಲ ಹೆಸರಿನ ಮೇಲೆ ನಿಂತಿರುವುದರಿಂದ ಪೆಟ್ಟಿಗೆಯ ನಾಮಕರಣವನ್ನು ಮೊದಲೇ ಮುಗಿಸಿಬಿಡಬೇಕು. ಜೋಡಿಸಿದ ಮೇಲೆ ಹೆಸರು ಬದಲಿಸಿದರೆ ಜೋಡಣೆ ಕಡಿದುಹೋಗುತ್ತದೆ. ಪೆಟ್ಟಿಗೆಗೆ "ವೇದಿಕೆ" ಎಂದು ಕನ್ನಡದಲ್ಲಿ ಬರೆಯಹೋದರೆ ಅದು ಒಪ್ಪುವುದಿಲ್ಲ, ಇಂಗ್ಲಿಷಿನ ಅಕ್ಷರ, ಅಂಕಿ ಮತ್ತು ಅಡ್ಡಗೆರೆ ಮಾತ್ರ ಸಲ್ಲುತ್ತವೆ. ಕನ್ನಡ ಸಂಘದ ವೇದಿಕೆಗೂ ಈ ಗತಿಯೇ ಎಂದು ಮುನಿಸಿಕೊಳ್ಳುವವರು ಪೆಟ್ಟಿಗೆಯ ಹೊರಗೆ ಕನ್ನಡದಲ್ಲಿ ಚೀಟಿ ಅಂಟಿಸಿಕೊಳ್ಳಬಹುದು.

ಸ್ವಿಚ್ಚಿನ ಬಗ್ಗೆ ಎರಡು ಮಾತು. ಇದು ದೀಪದ ಸ್ವಿಚ್ಚಲ್ಲ, ನೆಟ್‌ವರ್ಕ್ ಕೇಬಲ್ಲುಗಳೆಲ್ಲ ಬಂದು ಸೇರುವ ಪುಟ್ಟ ಪೆಟ್ಟಿಗೆ, ಅಂಚೆಯ ವಿಂಗಡಣೆ ಕಚೇರಿ. ಗಿಗಾಬಿಟ್ ವೇಗದ್ದಾಗಿರಲಿ, ಅಂಥ ಒಂದು ತಂತಿಯಲ್ಲಿ ಒಂದೊಂದು ದಿಕ್ಕಿಗೆ ೫೧೨ ಧ್ವನಿಗಳು ಹೋಗಬಲ್ಲವು, ನಮ್ಮ ಎಂಟು ಯಾವ ಲೆಕ್ಕ! ಬಿಡುವಿನಲ್ಲಿ ತೂಕಡಿಸಿ ವಿದ್ಯುತ್ತು ಉಳಿಸುವ ಗುಣ ಕೆಲವು ಸ್ವಿಚ್ಚುಗಳಿಗೆ ಇರುತ್ತದೆ. ಕಚೇರಿಗೆ ಅದು ಸದ್ಗುಣ, ಧ್ವನಿಗೆ ಅವಗುಣ, ಗಡಿಯಾರದ ಚೀಟಿಗಳು ತಡವಾಗುತ್ತವೆ. ಅದನ್ನು ನಿಲ್ಲಿಸಬೇಕು, ನಿಲ್ಲಿಸಲಾಗದಂಥದನ್ನು ಕೊಳ್ಳಲೇಬಾರದು. ಸಂಘದ ಕಚೇರಿಯ ಕಂಪ್ಯೂಟರು, ಕಾವಲಿನ ಕ್ಯಾಮರಾ, ಎಲ್ಲವನ್ನೂ ಇದೇ ಸ್ವಿಚ್ಚಿಗೆ ಚುಚ್ಚುವ ಜಿಪುಣತನ ಬೇಡ. ಮತ್ತು ಧ್ವನಿಯನ್ನು ವೈಫೈ ಮೂಲಕ ಕಳುಹಿಸುವ ಆಸೆಯೂ ಬೇಡ. ತಂತಿಯಲ್ಲಾದರೆ ಡಾಂಟೆಯವರು ಸಾಮಾನ್ಯವಾಗಿ ಇಟ್ಟುಕೊಡುವ ವಿಳಂಬ ಒಂದು ಮಿಲಿಸೆಕೆಂಡು. ಅಷ್ಟು ಹೊತ್ತಿನಲ್ಲಿ ಗಾಳಿಯಲ್ಲಿ ಧ್ವನಿ ನಡೆಯುವ ದೂರ ೩೪ ಸೆಂಟಿಮೀಟರು, ಒಂದು ಮೊಳಕ್ಕೂ ಕಡಿಮೆ.

ಇಷ್ಟೆಲ್ಲ ಓದಿದ ಮೇಲೆ, ತಿಂಗಳಿಗೊಮ್ಮೆ ಮೂವತ್ತು ಮಂದಿ ಕೂಡಿ ಕುಮಾರವ್ಯಾಸ ಭಾರತದ ವಾಚನ ಮಾಡುವ ಸಂಘದವರು ನಮಗೂ ಇದು ಬೇಕೆ ಎಂದು ಕೇಳಬಹುದು. ಬೇಡ. ಎರಡು ಮೈಕು, ಒಂದು ಚಿಕ್ಕ ಮಿಕ್ಸರು ಸಾಕು. ಉಳಿದ ಹಣಕ್ಕೆ ಒಳ್ಳೆಯ ಕುರ್ಚಿ ಕೊಳ್ಳಲಿ. ಆರೆಂಟು ಮೈಕುಗಳು ದಿನವೂ ಬಳಕೆಯಾಗುವ, ಒಂದಕ್ಕಿಂತ ಹೆಚ್ಚು ಕಡೆ ಧ್ವನಿ ಬೇಕಾಗುವ ಸಭಾಂಗಣಕ್ಕೆ ಮಾತ್ರ ಈ ಖರ್ಚು ಸಾರ್ಥಕ. ಅಂಥ ಕಡೆ ದೊಡ್ಡ ಲಾಭ ಮುದ್ರಣದ್ದು. ಎಂಟು ಮೈಕುಗಳನ್ನೂ ಬೇರೆ ಬೇರೆಯಾಗಿ, ಬೇರೆ ತಂತಿ ಎಳೆಯದೆ, ಲ್ಯಾಪ್‌ಟಾಪಿನಲ್ಲಿ ಹಿಡಿದಿಡಬಹುದು. ಮೂರು ಗಂಟೆಯ ತಾಳಮದ್ದಳೆಗೆ ಬೇಕಾದ ಜಾಗ ಸುಮಾರು ೧೨.೪ ಗಿಗಾಬೈಟ್. ಚೆಂಡೆ ಹೆಚ್ಚಾಯಿತೆಂದು ಮರುದಿನ ಅನ್ನಿಸಿದರೆ ಚೆಂಡೆಯನ್ನಷ್ಟೆ ತಗ್ಗಿಸಬಹುದು. ವಿದುರನ ಮೆಲುಮಾತನ್ನಷ್ಟೆ ಎತ್ತಬಹುದು. ಮೂಲದಲ್ಲಿ ಎಂಟೂ ಕೆಡದೆ ಬಂದಿದ್ದರೆ.

ಕಾರ್ಯಕ್ರಮ ಮುಗಿದ ಮೇಲೆ ಮೊದಲು ಸಭಾಂಗಣದ ಧ್ವನಿ ಮುಚ್ಚಬೇಕು, ಆಮೇಲೆ ೪೮ ವೋಲ್ಟ್ ತೆಗೆಯಬೇಕು, ಅರ್ಧ ನಿಮಿಷ ಕಾದು ಮೈಕುಗಳನ್ನು ಬಿಚ್ಚಬೇಕು. ಮನೆಗೆ ಹೊರಡುವ ಮುನ್ನ ಅಂದಿನ ಗೇನ್ ಅಂಕಿಗಳನ್ನು ಒಂದು ರಟ್ಟಿನ ಮೇಲೆ ಬರೆದು ಪೆಟ್ಟಿಗೆಯ ಬಾಗಿಲ ಒಳಬದಿಗೆ ಅಂಟಿಸಿಡುವುದು ಒಳ್ಳೆಯ ಪದ್ಧತಿ. ಮೈಕೂ ಪೆಟ್ಟಿಗೆಯೂ ಬೇರೆಯಾದರೆ ಅಂಕಿಗಳೂ ಬೇರೆಯಾಗುವುವು. ನಾನು ಕಂಡ ಒಂದು ರಟ್ಟಿನಲ್ಲಿ ನೀಲಿ ಶಾಯಿಯಲ್ಲಿ ಹೀಗೆ ಬರೆದಿತ್ತು: ಭಾಗವತರು ೩೮, ಮದ್ದಳೆ ೩೦, ಚೆಂಡೆ ೨೪, ಕೃಷ್ಣ ೪೬, ವಿದುರ ೫೦, ಕೌರವ ೪೦, ಉಳಿದಿಬ್ಬರು ೪೬. ಕೆಳಗೆ ಬೇರೆ ಕೈಬರಹದಲ್ಲಿ ಇನ್ನೊಂದು ಸಾಲು: "ಕೌರವರಿಗೆ ಮಧ್ಯೆ ನೀರು ಕೊಡಿ, ಗೇನ್ ಮುಟ್ಟಬೇಡಿ."